ಮೂರು ನಿಮಿಷದ ಸಾಕ್ಷಿ

ಆಸ್ಪತ್ರೆಯಲ್ಲಿ ಅವಳಿಗೆ ಬಿದ್ದ ಹೆಸರು ಮಾತಿನ ಡಾಕ್ಟರು. ಅವಳು ಓದಿದ್ದು ಮನಶ್ಶಾಸ್ತ್ರ. ಅದರಲ್ಲೇ ಅರ್ಧ ತಲೆ ನರೆತಿತ್ತು. ‘ನಾನು ಡಾಕ್ಟರಲ್ಲ’ ಎಂದು ಮೊದಮೊದಲು ಬಂದವರನ್ನೆಲ್ಲ ತಿದ್ದುತ್ತಿದ್ದಳು, ಆಮೇಲೆ ಬಿಟ್ಟಳು. ಚೀಟಿ ಹಿಡಿದುಕೊಂಡು ಬಂದವರ ಮುಂದೆ ಪದವಿಗಳ ಪಾಠ ಮಾಡುತ್ತ ಕೂರುವುದು ಯಾವ ನ್ಯಾಯ?

ಎಕ್ಸ್‌ರೇ ಕೋಣೆಗೂ ಹಳೇ ಹಾಸಿಗೆ ಪೇರಿಸಿಟ್ಟ ಉಗ್ರಾಣಕ್ಕೂ ನಡುವೆ ಅವಳ ಕೋಣೆ. ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ಆ ಡಬ್ಬಿ ಅವಳೇ ಕೈಯಿಂದ ದುಡ್ಡು ಹಾಕಿ ತಂದದ್ದು. ಅಳುವವರಿಗೂ ಏನಾದರೂ ಬೇಕಾದೀತು ಎಂದು ಆಸ್ಪತ್ರೆಯವರಿಗೆ ಹೊಳೆದೇ ಇರಲಿಲ್ಲ. ಗೋಡೆಯಾಚೆಯಿಂದ ಎಕ್ಸ್‌ರೇಯವನು ‘ಉಸಿರು ಹಿಡ್ಕೊಳಿ... ಬಿಡಿ’ ಎಂದು ಕೂಗುವುದು ಚೆನ್ನಾಗಿ ಕೇಳುತ್ತಿತ್ತು. ಇಲ್ಲಿ ಅಳುತ್ತ ಕೂತವರೂ ಎಷ್ಟೋ ಸಲ ಆ ಮಾತಿಗೆ ಉಸಿರು ಹಿಡಿದು ಬಿಡುತ್ತಿದ್ದರು. ಅವಳಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಕೇಳುವುದು, ಅಳೆಯುವುದು, ಬರೆಯುವುದು ಇಷ್ಟೇ ಅವಳ ಕೆಲಸ. ತಾವಾಗಿಯೇ ಜೀವ ಕಳೆದುಕೊಳ್ಳುವ ಹಾದಿಯಲ್ಲಿರುವವರನ್ನು, ಅವರು ಒಲ್ಲೆ ಎಂದರೂ, ಮೂರು ದಿನ ವಾರ್ಡಿನಲ್ಲಿ ಇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು. ಆದರೆ ಅದಕ್ಕೆ ವೈದ್ಯರ ಸಹಿಯೇ ಬೇಕು. ಮನೋವೈದ್ಯರು ದೂರದ ದೊಡ್ಡಾಸ್ಪತ್ರೆಯಿಂದ ಹದಿನೈದು ದಿನಕ್ಕೊಮ್ಮೆ ಬಂದು, ಕೈಗಡಿಯಾರ ನೋಡುತ್ತಲೇ ಇದ್ದು, ಹೋಗುತ್ತಿದ್ದರು. ಉಳಿದ ದಿನ ಡ್ಯೂಟಿಯಲ್ಲಿ ಯಾರಿದ್ದಾರೋ ಅವರ ಸಹಿ. ಅವರು ಮೂಳೆಯವರಿರಬಹುದು, ಹೆರಿಗೆಯವರಿರಬಹುದು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಗಂಟೆಗಟ್ಟಲೆ ಕೂತು ಮನಸ್ಸು ಬಗೆದು ನೋಡಿದವಳು ಬಾಗಿಲಾಚೆ ನಿಲ್ಲಬೇಕು. ಐದು ನಿಮಿಷಕ್ಕೆ ಬಂದವರು ಇರಲಿ, ಹೋಗಲಿ ಎಂದು ತೀರ್ಮಾನಿಸಬೇಕು.

ಆ ಕೋಣೆಗೆ ಒಂದು ಬೆಳಿಗ್ಗೆ ಟೈಲರಕ್ಕ ತನ್ನ ತಮ್ಮನ ಕೈಹಿಡಿದು ಕರೆತಂದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಜೀವನ ಮಾಡಿದವಳು. ತಾಯಿ ಸತ್ತಾಗ ತಮ್ಮನಿಗೆ ಇನ್ನೂ ಮಾತು ನೆಟ್ಟಗೆ ಬರುತ್ತಿರಲಿಲ್ಲ. ಅವನನ್ನು ಸಾಕಿ ಆಳು ಮಾಡುವುದರಲ್ಲಿ ತನ್ನ ಮದುವೆಯ ವಯಸ್ಸು ಕಳೆದದ್ದೇ ಅವಳಿಗೆ ತಿಳಿಯಲಿಲ್ಲ. ತಮ್ಮ ಬಸ್ ಡ್ರೈವರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹಾಗಿದ್ದವನು ಅಕ್ಕನ ಹಿಂದೆ ಅಡಗಿದವನ ಹಾಗೆ ನಿಂತಿದ್ದ.

ತಿಂಗಳ ಹಿಂದೆ ಅವನ ಬಸ್ಸಿನ ಚಕ್ರಕ್ಕೆ ಸೈಕಲ್ಲಿನವನೊಬ್ಬ ಸಿಕ್ಕಿ ಸತ್ತಿದ್ದ. ತಪ್ಪು ಡ್ರೈವರನದಲ್ಲ ಎಂದು ಪೊಲೀಸರೇ ಬರೆದುಕೊಂಡು ಹೋದರು. ಪೊಲೀಸರು ಬಿಟ್ಟರೇನು, ಅವನನ್ನು ಅವನು ಬಿಡಲಿಲ್ಲ. ನಿದ್ದೆ ಹೋಯಿತು, ಊಟ ಹೋಯಿತು, ಮಾತು ಹೋಯಿತು. ಅಂದು ಮಾತಿನ ಡಾಕ್ಟರ ಎದುರು ಕೂತವನು ಒಮ್ಮೆಲೇ ಎಲ್ಲವನ್ನೂ ಹೇಳಿದ: ತಾನು ಹೋಗುವುದು ಯಾವಾಗ, ಎಲ್ಲಿ, ಹೇಗೆ. ಬಸ್ಸು ಹೊರಡುವ ವೇಳೆ ಹೇಳುವಷ್ಟು ಸಲೀಸಾಗಿ ಹೇಳಿದ. ಕೇಳುತ್ತಲೇ ಅವಳು ಎದ್ದು ಡ್ಯೂಟಿ ಡಾಕ್ಟರಿಗೆ ಹೇಳಿಕಳಿಸಿದಳು.

ಅಂದು ಡ್ಯೂಟಿಯಲ್ಲಿದ್ದವರು ಕಿವಿ ಡಾಕ್ಟರು. ಕಿವಿ, ಮೂಗು, ಗಂಟಲು ನೋಡುವವರು. ಕೆಟ್ಟವರಲ್ಲ, ಹಿಂದಿನ ದಿನದಿಂದ ಮನೆ ಕಂಡಿರಲಿಲ್ಲ ಅಷ್ಟೆ. ಬಂದವರೇ ನಿಂತುಕೊಂಡೇ ಕೇಳಿದರು: “ಸಾಯ್ಬೇಕು ಅನ್ಸುತ್ತೇನಪ್ಪಾ?” ಬಿಳಿ ಕೋಟು ಕಂಡ ತಕ್ಷಣ ಅವನು ನೆಟ್ಟಗೆ ಕೂತ, ಸಣ್ಣಗೆ ನಕ್ಕ. “ಇಲ್ಲ ಸಾರ್,” ಅಂದ. ಅಲ್ಲಿಗೆ ಮುಗಿಯಿತು ಪರೀಕ್ಷೆ. ಅವಳು ವಾದಿಸಿದಳು, ಬೇಡಿದಳು, ಕೊನೆಗೆ ದನಿಯೂ ಏರಿತು. ಇಲ್ಲ ಅನ್ನುವವನನ್ನು ಹಿಡಿದಿಟ್ಟರೆ ನಾಳೆ ಕೋರ್ಟಿಗೆ ಓಡಾಡುವವರು ಯಾರು ಎಂದು ಅವರು ತಿರುಗಿ ಕೇಳಿದರು. ಆಮೇಲೆ, ಪೂರ್ತಿ ಬಿಟ್ಟುಬಿಡಲು ಮನಸ್ಸು ಬಾರದೆ ಇರಬೇಕು, ಟೈಲರಕ್ಕನ ಕಡೆ ನೋಡಿದರು.

“ಏನಮ್ಮ, ಮನೆಗೆ ಕರ್ಕೊಂಡು ಹೋಗಿ ನೋಡ್ಕೋತೀರಾ, ಇಲ್ಲ ಎರಡು ದಿನ ಇಲ್ಲೇ ಇರ್ಲಾ?”

ತಮ್ಮ ಅಕ್ಕನ ತೋಳು ಹಿಡಿದುಕೊಂಡ. “ಮನೇಗೆ ಹೋಗೋಣ ಅಕ್ಕ,” ಅಂದ.

“ಹೂಂ, ಕರ್ಕೊಂಡು ಹೋಗ್ತೀನಿ,” ಎಂದಳು ಟೈಲರಕ್ಕ.

ಮೂರನೆಯ ದಿನ ಅವನು ಊಟದ ಡಬ್ಬಿ ಕಟ್ಟಿಸಿಕೊಂಡು, ಡಿಪೋಗೆ ಹೋಗಿ ರಜೆ ಹೇಳಿ ಬರುತ್ತೇನೆ ಎಂದು ಹೊರಟ. ಹೇಗೆ ಏನು ಎಂದು ಕೇಳಬೇಡಿ. ಮಾತಿನ ಡಾಕ್ಟರ ಮುಂದೆ ಹೇಗೆ ಹೇಳಿದ್ದನೋ ಹಾಗೆಯೇ, ಒಂದಕ್ಷರ ತಪ್ಪಿಸದೆ, ಜೀವ ಕಳೆದುಕೊಂಡ. ಸಂಜೆಗೆ ಡಿಪೋದವರು ಡಬ್ಬಿಯನ್ನು ಅಕ್ಕನ ಕೈಗೆ ತಂದುಕೊಟ್ಟರು. ಡಬ್ಬಿ ಖಾಲಿಯಾಗಿತ್ತು, ಊಟ ಮಾಡಿಯೇ ಹೋಗಿದ್ದ. ಕಿವಿ ಡಾಕ್ಟರಿಗೇ ಕಿವಿ ಕೇಳಿಸಲಿಲ್ಲ ಎಂದು ಆಸ್ಪತ್ರೆಯಲ್ಲಿ ಒಂದು ವಾರ ನಗೆಯಾಡಿದರು. ಜನ ಹಾಗೇ, ಯಾವುದಕ್ಕೂ ನಗುತ್ತಾರೆ.

ಆಮೇಲೆ ಟೈಲರಕ್ಕ ಬುಧವಾರ ಬುಧವಾರ ಅವಳ ಕೋಣೆಗೆ ಬರತೊಡಗಿದಳು. ಮಾತಿನ ಡಾಕ್ಟರೇ ಬರಹೇಳಿದ್ದಳು. ಮೊದಲ ಕೆಲವು ವಾರ ಬರೀ ಅಳು. ಆಮೇಲೆ ಮಾತು ಬಂತು, ಅದೂ ಹೇಗೆ, ತಲೆಬುಡವಿಲ್ಲದೆ, ಹಿಂದಿನದು ಮುಂದೆ, ಮುಂದಿನದು ಹಿಂದೆ. ತಮ್ಮ ಚಿಕ್ಕವನಿದ್ದಾಗ ಹೊಲಿಗೆ ಮಿಷನ್ನಿನ ಕೆಳಗೇ ಮಲಗುತ್ತಿದ್ದನಂತೆ. ಮಿಷನ್ನಿನ ಸದ್ದು ನಿಂತರೆ ಎದ್ದು ಅಳುತ್ತಿದ್ದ. ಅದಕ್ಕೇ ಬಟ್ಟೆ ಮುಗಿದರೂ ಬರೀ ಮಿಷನ್ನು ತುಳಿಯುತ್ತ ಕೂರುತ್ತಿದ್ದಳಂತೆ, ಸೂಜಿಯ ಕೆಳಗೆ ಏನೂ ಇಲ್ಲದೆ. ಬಸ್ಸಿನ ಅಪಘಾತವಾದ ಮೇಲೆ ಅವನಿಗೆ ನಿದ್ದೆ ಬಾರದಿದ್ದಾಗ ಮತ್ತೆ ಹಾಗೇ ತುಳಿದಳು. ಮೂವತ್ತು ದಾಟಿದ ಗಂಡಸು ನೆಲದ ಮೇಲೆ ಚಾಪೆ ಹಾಸಿಕೊಂಡು ಮಿಷನ್ನಿನ ಕಾಲ ಬಳಿ ಮಲಗಿದ. “ಒಂದಿನ ಮಲಗಿದ ಮೇಡಂ, ನಿಜವಾಗ್ಲೂ ನಿದ್ದೆ ಮಾಡಿದ,” ಎಂದಳು, ಅದೊಂದು ದೊಡ್ಡ ಗೆಲುವು ಎಂಬಂತೆ.

ಒಂದು ಬುಧವಾರ, ಎದ್ದು ಹೊರಡುವಾಗ, ಬಾಗಿಲ ಬಳಿ ನಿಂತು ಆ ಮಾತು ಹೇಳಿದಳು. “ಡಾಕ್ಟ್ರು ನನ್ನನ್ನ ಕೇಳಿದ್ರು ಮೇಡಂ. ಹೂಂ ಅಂದಿದ್ದು ನಾನೇ.” ಅಷ್ಟು ಹೇಳಿ ಹೋಗಿಬಿಟ್ಟಳು. ಮನಶ್ಶಾಸ್ತ್ರದ ಕಸುಬಿನ ಯಾರಿಗಾದರೂ ಗೊತ್ತು, ಹೊಸ್ತಿಲ ಮೇಲೆ ನಿಂತು ಹೇಳಿದ್ದೇ ನಿಜವಾದ ಮಾತು. ಕಾಲಿಗೆ ಮುಳ್ಳು ಚುಚ್ಚಿದ್ದು ಇಲ್ಲಿ. ಇನ್ನು ಮೆಲ್ಲಗೆ ಇದನ್ನು ತೆಗೆಯಬೇಕು, ಅವಸರ ಮಾಡಬಾರದು ಎಂದು ಅವಳು ಅಂದುಕೊಂಡಳು. ಸರಿಯಾಗಿಯೇ ಅಂದುಕೊಂಡಳು. ಆದರೆ ಅದೇ ವಾರ ಸಂಘದ ಅಧ್ಯಕ್ಷೆಯ ಫೋನು ಬಂತು.

ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷೆ ಎಂದರೆ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು. ಸೊಂಟನೋವಿಗೆ ಪಟ್ಟಿ ಬಿಗಿದುಕೊಂಡೇ ಶಾಸಕರ ಬಾಗಿಲು ಬಾಗಿಲು ಅಲೆದವರು. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರಿಗೂ ಆ ಮೂರು ದಿನದ ಸಹಿಯ ಅಧಿಕಾರ ಕೊಡಿ ಎಂಬುದು ಸಂಘದ ಬೇಡಿಕೆ. ವೈದ್ಯರ ಸಂಘ ಪ್ರತಿ ಸಲವೂ ಅಡ್ಡಗಾಲು ಹಾಕುತ್ತಿತ್ತು. ಈಗ ಕೊನೆಗೂ ಮಸೂದೆ ಶಾಸಕರ ಸಮಿತಿಯ ಮುಂದೆ ಬಂದಿತ್ತು. ಎರಡೂ ಕಡೆಯವರಿಗೆ ಮಾತಾಡಲು ಕರೆ ಬಂದಿತ್ತು.

“ಅಂಕಿ ಅಂಶ ಕೊಟ್ಟೂ ಕೊಟ್ಟೂ ಸಾಕಾಯ್ತು ಕಣಮ್ಮ,” ಎಂದರು ಅಧ್ಯಕ್ಷೆ. “ಅಂಕಿ ನೋಡಿ ಯಾರೂ ಅಳಲ್ಲ. ನಂಗೊಬ್ಬಳು ಅಕ್ಕ ಬೇಕು. ನಿನ್ನ ಹತ್ರ ಇದ್ದಾಳಲ್ಲ, ಕರ್ಕೊಂಡು ಬಾ.”

ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ ಏಕೆ? ಆಸೆಬುರುಕಿಯಲ್ಲ, ಹೆಸರಿಗೆ ಬಾಯಿಬಿಟ್ಟವಳೂ ಅಲ್ಲ. ಆ ಡ್ರೈವರು ತನ್ನ ಕಣ್ಣ ಮುಂದೆಯೇ ಎದ್ದು ಹೋದದ್ದು ಅವಳನ್ನು ಕುಟುಕುತ್ತಿತ್ತು. ಇನ್ನೊಬ್ಬ ಹಾಗೆ ಹೋಗಬಾರದು ಎಂಬ ಹಟ ಹುಟ್ಟಿತ್ತು, ಆ ಹಟದಲ್ಲಿ ತಪ್ಪೇನೂ ಇರಲಿಲ್ಲ. ಅದರ ಜೊತೆಗೆ ಅವಳ ಕಸುಬಿನವರೆಲ್ಲ ನಂಬಿಕೊಂಡು ಬಂದ ಒಂದು ಮಾತಿತ್ತಲ್ಲ: ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ. ಟೈಲರಕ್ಕನಿಗೂ ಒಳ್ಳೆಯದೇ ಆಗುತ್ತದೆ, ತಮ್ಮನ ಸಾವಿಗೊಂದು ಅರ್ಥ ಸಿಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆಯವರ ಮನಸ್ಸು ಓದುವವರು ತಮ್ಮ ಮನಸ್ಸಿಗೆ ಮಂಕುಬೂದಿ ಎರಚಿಕೊಳ್ಳುವುದರಲ್ಲೂ ಅಷ್ಟೇ ಜಾಣರು. ಕೇಳಿದಾಗ ಟೈಲರಕ್ಕ ಒಂದು ಮಾತೂ ಎದುರಾಡದೆ ಒಪ್ಪಿದಳು. “ನೀವು ಹೇಳಿದ ಮೇಲೆ ಮೇಡಂ,” ಎಂದಳು.

ಸಮಿತಿ ಒಬ್ಬೊಬ್ಬ ಸಾಕ್ಷಿಗೆ ಕೊಡುವುದು ಮೂರು ನಿಮಿಷ. ಟೈಲರಕ್ಕನ ಕಥೆ, ಹೇಳಲು ಬಿಟ್ಟರೆ, ಇಡೀ ದಿನದ್ದು. ಹಾಗಾಗಿ ಬುಧವಾರದ ಗಂಟೆ ಕತ್ತರಿ ಹಾಕುವ ಗಂಟೆಯಾಯಿತು. ಒಂದೆರಡು ಸಲ ಅಧ್ಯಕ್ಷೆಯೇ ಬಂದು ಉಗ್ರಾಣದಿಂದ ಕುರ್ಚಿ ತರಿಸಿಕೊಂಡು ಕೂತರು. ತಾಯಿ ಸತ್ತದ್ದು ಬೇಡ ಎಂದರು, ಅದು ಬೇರೆ ಕಥೆ. ಮಿಷನ್ನಿನ ಕೆಳಗೆ ಮಲಗುತ್ತಿದ್ದದ್ದು ಬೇಡ, ಬೆಳೆದ ಗಂಡಸನ್ನು ಮಗು ಮಾಡಿದ ಹಾಗಾಗುತ್ತದೆ. ಸೈಕಲ್ಲಿನವನ ಸುದ್ದಿ ಒಂದೇ ಸಾಲು, ಇಲ್ಲದಿದ್ದರೆ ಜನರ ಕನಿಕರ ಆ ಕಡೆ ಹರಿಯುತ್ತದೆ. “ಅವರ ಕೈಲಿ ಪೆನ್ನಿತ್ತು, ಸಹಿ ಹಾಕೋ ಹಕ್ಕಿರಲಿಲ್ಲ” ಎಂಬ ಸಾಲನ್ನು ಅಧ್ಯಕ್ಷೆಯೇ ಬರೆದುಕೊಟ್ಟರು. ಆ ಸಾಲಾದ ಮೇಲೆ ನಿಲ್ಲಬೇಕು, ಒಂದು ಉಸಿರು ತೆಗೆದುಕೊಳ್ಳಬೇಕು, ಆಮೇಲೆ ಡಬ್ಬಿಯ ಮಾತು. “ಅವಸರ ಮಾಡ್ಬೇಡಿ ಅಮ್ಮ, ಅಲ್ಲಿ ಎಲ್ಲರೂ ನಿಮ್ಮ ಜೊತೆ ಉಸಿರು ಹಿಡೀತಾರೆ,” ಎಂದರು. ಸಮಯ ಮೀರುತ್ತಿದ್ದರೆ ಅವಳು ಎರಡು ಬೆರಳು ಎತ್ತಬೇಕು. ಅದನ್ನು ಕಂಡರೆ ಟೈಲರಕ್ಕ ಬೇಗ ಮುಗಿಸಬೇಕು.

ಡಾಕ್ಟರು ಕೇಳಿದ್ದು, ಟೈಲರಕ್ಕ ಹೂಂ ಅಂದದ್ದು? ಅದನ್ನು ತೆಗೆಸಿದವಳು ಅಧ್ಯಕ್ಷೆಯಲ್ಲ, ಮಾತಿನ ಡಾಕ್ಟರೇ. ಟೈಲರಕ್ಕ ಎರಡು ಸಲ ಆ ಜಾಗಕ್ಕೆ ಬಂದು ತಡವರಿಸಿದಳು. ಮೂರನೆಯ ಸಲ ಅವಳು ಮೃದುವಾಗಿ, ತನ್ನ ಕಸುಬಿನ ದನಿಯಲ್ಲಿ, ಹೇಳಿದಳು: “ಅದು ಬೇಡ ಅಕ್ಕ. ಅದನ್ನ ಹಿಡ್ಕೊಂಡು ಅವರು ನಿಮ್ಮ ಮೇಲೇ ತಿರುಗ್ತಾರೆ. ಡಾಕ್ಟ್ರು ಏನಿಲ್ಲ ಅಂದ್ರು, ನಂಬಿ ಕರ್ಕೊಂಡು ಹೋದೆ, ಅಷ್ಟು ಸಾಕು.” ಅಕ್ಕನನ್ನು ಕಾಪಾಡುವುದಕ್ಕೆಂದೇ ಹೇಳಿದೆ ಎಂದು ಅವಳು ಆಮೇಲೂ ವಾದಿಸಿಕೊಂಡಳು. ಮಸೂದೆಯನ್ನು ಕಾಪಾಡುವುದಕ್ಕೂ ಅದೇ ಬೇಕಾಗಿತ್ತು. ಟೈಲರಕ್ಕ ತಲೆ ಆಡಿಸಿದಳು. ಬಟ್ಟೆಯ ಅಳತೆ ಹೇಳಿದರೆ ನೆನಪಿಟ್ಟುಕೊಳ್ಳುವವಳು, ಇದನ್ನೂ ಹಾಗೇ ನೆನಪಿಟ್ಟುಕೊಂಡಳು. ಬಾಗಿಲಲ್ಲಿ ಹೇಳಿದ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಮಾತಿನ ಡಾಕ್ಟರ ಮನೆಯಲ್ಲಿ ತಾಯಿಯಿದ್ದರು, ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿ ನಿವೃತ್ತರಾದವರು, ನಾಲಿಗೆಗೆ ನಿವೃತ್ತಿ ಇನ್ನೂ ಬಂದಿರಲಿಲ್ಲ. ಮಗಳು ಚಹಾ ಕುಡಿಯುತ್ತ ಸಾಕ್ಷಿಯ ತಯಾರಿಯ ಸುದ್ದಿ ಹೇಳಿದಾಗ ಅವರು ಲೋಟ ಕೆಳಗಿಟ್ಟು ಕೇಳಿದರು: “ಉರಿಯೋ ಮನೇಲಿ ಗಳ ಹಿರಿಯೋದು ಅಂತಾರಲ್ಲ, ಅದಲ್ವೇನೆ ಇದು?” ಅವಳಿಗೆ ಸಿಟ್ಟು ನೆತ್ತಿಗೇರಿತು. ಇನ್ನೊಂದು ಮನೆಗೆ ಬೆಂಕಿ ಬೀಳಬಾರದು ಅಂತಲೇ ಮಾಡುತ್ತಿರುವುದು ಎಂದು ಹೇಳಿ ಎದ್ದು ಹೋದಳು.

ಸಮಿತಿಯ ಸಭೆ ಸೇರಿದ್ದು ಉದ್ದ ಮೇಜಿನ ತಣ್ಣನೆಯ ಕೋಣೆಯಲ್ಲಿ. ತಟ್ಟೆಗಳಲ್ಲಿ ಬಿಸ್ಕತ್ತು, ಬಾಟಲಿಗಳಲ್ಲಿ ನೀರು, ಸಾಕ್ಷಿ ಕೂರುವ ಕುರ್ಚಿಯೆದುರು ಒಂದು ಮೈಕು, ಸಮಯ ಮುಗಿದರೆ ಹೊತ್ತಿಕೊಳ್ಳುವ ಕೆಂಪು ದೀಪ. ಮೊದಲು ವೈದ್ಯರ ಸಂಘದ ಪ್ರತಿನಿಧಿ ಮಾತಾಡಿದರು. ಗುಂಡಿ ಹೊಲಿಯುವುದಕ್ಕೆ ಬರುತ್ತದೆ ಎಂದವರ ಕೈಗೆಲ್ಲ ಆಪರೇಷನ್ನಿನ ಕತ್ತರಿ ಕೊಡಲಾಗುತ್ತದೆಯೇ ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ಮುಂದಿನ ಸಾಕ್ಷಿ ಬಟ್ಟೆ ಹೊಲಿಯುವವಳು ಎಂದು ಯಾರೋ ಪಿಸುಗುಟ್ಟಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು ನೀರು ಕುಡಿದರು.

ಟೈಲರಕ್ಕ ತಾನೇ ಹೊಲಿದ ಹೊಸ ರವಿಕೆ ತೊಟ್ಟು ಬಂದಿದ್ದಳು. ಮೈಕಿಗೆ ಬಾಯಿ ತೀರಾ ಹತ್ತಿರ ಇಟ್ಟಿದ್ದರಿಂದ ಮೊದಲ ಮಾತು ಗುಡುಗಿದ ಹಾಗೆ ಬಂತು.

“ಮಾನ್ಯರೇ, ನಾನು ಬಟ್ಟೆ ಹೊಲಿಯೋಳು. ನನ್ನ ತಮ್ಮ ಬಸ್ ಓಡಿಸ್ತಿದ್ದ. ಅವನನ್ನ ಸಾಕಿದ್ದು ನಾನೇ.”

ಹೇಳುತ್ತ ಹೋದಳು, ಒಂದು ಹೊಲಿಗೆಯೂ ತಪ್ಪಲಿಲ್ಲ. ತಮ್ಮನಿಗೆ ಏನಾಗಿದೆ ಎಂದು ಕಂಡುಕೊಂಡವರು ಒಬ್ಬರಿದ್ದರು. ಅವರ ಕೈಯಲ್ಲಿ ಪೆನ್ನಿತ್ತು, ಸಹಿ ಹಾಕುವ ಹಕ್ಕಿರಲಿಲ್ಲ. ಅಲ್ಲಿ ನಿಂತು ಉಸಿರು ತೆಗೆದುಕೊಂಡಳು. ಕೋಣೆಯಲ್ಲಿ ಬಿಸ್ಕತ್ತು ಕಡಿಯುವ ಸದ್ದೂ ನಿಂತಿತು. “ಮೂರನೇ ದಿನ ಡಿಪೋದಿಂದ ಅವನ ಊಟದ ಡಬ್ಬಿ ವಾಪಸ್ ಬಂತು. ಅವನು ಬರ್ಲಿಲ್ಲ.” ಮೇಜಿನ ಆ ತುದಿಯಲ್ಲಿ ವಯಸ್ಸಾದ ಶಾಸಕರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷೆ ಮೇಜಿನ ಕೆಳಗೆ ಅವಳ ಕೈ ಒತ್ತಿದರು. ಗೆದ್ದೆವು ಎಂದು ಅವಳಿಗೂ ಗೊತ್ತಾಯಿತು, ಆ ಕ್ಷಣದ ಖುಷಿಯನ್ನು ಇಲ್ಲ ಎನ್ನುವ ಹಾಗಿಲ್ಲ.

ಆಗ ಆ ಮುದುಕರೇ ಒಂದು ಪ್ರಶ್ನೆ ಕೇಳಿದರು, ಕೆಟ್ಟ ಉದ್ದೇಶದಿಂದಲ್ಲ, ಕನಿಕರದಿಂದಲೇ. “ಒಂದು ಮಾತು ತಾಯಿ. ಅವನನ್ನ ಆಸ್ಪತ್ರೇಲೇ ಬಿಡ್ಬಹುದು ಅಂತ ಯಾರೂ ನಿಮಗೆ ಹೇಳ್ಲಿಲ್ವಾ?”

ಟೈಲರಕ್ಕ ತಿರುಗಿ ಅವಳ ಮುಖ ನೋಡಿದಳು. ಬಾಗಿಲ ಬಳಿ ನಿಂತು ನೋಡಿದಂತೆಯೇ ನೋಡಿದಳು. ಹೇಳಿ ಎಂಬಂತೆ ಮಾತಿನ ಡಾಕ್ಟರು ಒಂದು ಸಲ ಕಣ್ಣು ಮುಚ್ಚಿ ತೆರೆದಿದ್ದರೂ ಸಾಕಿತ್ತು, ಆ ಹೆಂಗಸು ಅಲ್ಲೇ ನಿಜ ಹೇಳಿ ಗೋಳೋ ಎಂದು ಅತ್ತು, ಬಹುಶಃ ಬದುಕುವ ದಾರಿ ಹಿಡಿಯುತ್ತಿದ್ದಳು. ಅವಳು ಎರಡು ಬೆರಳು ಎತ್ತಿದಳು.

“ಡಾಕ್ಟ್ರು ಏನಿಲ್ಲ ಅಂದ್ರು ಸಾರ್,” ಎಂದಳು ಟೈಲರಕ್ಕ. “ನಂಬಿ ಕರ್ಕೊಂಡು ಹೋದೆ.”

ಮಸೂದೆ ಪಾಸಾಯಿತು. ಕಿವಿ ಡಾಕ್ಟರಿಗೆ ವರ್ಗವಾಯಿತು. ಅದು ಶಿಕ್ಷೆಯಲ್ಲ ಎಂದು ಆಸ್ಪತ್ರೆಯವರು ಹೇಳಿದರು, ಹಾಗೆ ಹೇಳಿದರೆಂದರೆ ಶಿಕ್ಷೆಯೇ. ಹೊರಡುವ ದಿನ ಅವರು ಅವಳ ಕೋಣೆಯ ಬಾಗಿಲಿಗೆ ಬಂದರು. “ನಾನು ಆ ಅಮ್ಮನ್ನ ಕೇಳಿದ್ದೆ. ನೀವು ಅಲ್ಲೇ ಇದ್ರಿ,” ಎಂದರು. ಜಗಳಕ್ಕೆ ಬಂದಿರಲಿಲ್ಲ. ಅವಳು ಏನಾದರೂ ಹೇಳುತ್ತಾಳೋ ಎಂದು ಕಾದರು. ಅವಳು ಮೇಜಿನ ಮೇಲಿನ ಟಿಶ್ಯೂ ಡಬ್ಬಿ ಸರಿಸಿಟ್ಟಳು. ಎಕ್ಸ್‌ರೇಯವನು ಗೋಡೆಯಾಚೆ ‘ಬಿಡಿ’ ಎಂದ, ಅವರು ಹೊರಟುಹೋದರು.

ಆಮೇಲೆ ಸನ್ಮಾನ, ಸಭೆ, ಸಮಾರಂಭ. ಟೈಲರಕ್ಕನ ಮೂರು ನಿಮಿಷವನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು, ಅದು ಊರೆಲ್ಲ ಹರಿದಾಡಿತು. ಬೇರೆ ಬೇರೆ ಊರಿನ ಸಂಘಗಳು ಅವಳನ್ನು ಕರೆದವು. ಹೋದಲ್ಲೆಲ್ಲ ಅದೇ ಮಾತು, ಅದೇ ಜಾಗದಲ್ಲಿ ಉಸಿರು, ಆಮೇಲೆ ಚಪ್ಪಾಳೆ. ಅಳತೆ ಕೊಡಲು ಬಂದ ತಾಯಂದಿರು ಕೂಡ “ನೀವೇ ಅಲ್ವಾ ಅದು, ಒಂದ್ಸಲ ಹೇಳಿ” ಎನ್ನುತ್ತಿದ್ದರು. ಅವಳು ಕೊರಳಿಗೆ ಟೇಪು ಹಾಕಿಕೊಂಡೇ ಹೇಳುತ್ತಿದ್ದಳು.

ಬುಧವಾರಗಳು ತಪ್ಪತೊಡಗಿದವು. ಒಂದು ವಾರ ಟೈಲರಕ್ಕ ಬೇರೆ ಊರಿನಲ್ಲಿ, ಇನ್ನೊಂದು ವಾರ ಅವಳೇ ತರಬೇತಿಯಲ್ಲಿ. ಹೊಸ ಅಧಿಕಾರಕ್ಕೆ ಪಾಠ, ಪರೀಕ್ಷೆ, ಹೆಸರಿನ ರಬ್ಬರ್ ಮೊಹರು ಎಲ್ಲ ಇದ್ದವು. ನಡುವೆ ಒಮ್ಮೆ ಟೈಲರಕ್ಕನ ಅಂಗಡಿಗೆ ಹೋಗಿದ್ದಾಗ ಒಂದು ಅಂಗಿ ಕಣ್ಣಿಗೆ ಬಿತ್ತು, ಎರಡು ಕಡೆಗೂ ಎಡತೋಳನ್ನೇ ಕೂರಿಸಿತ್ತು. ಟೈಲರಕ್ಕನ ಕೈಯಿಂದ ಅಂಥ ತಪ್ಪೇ? ಕಣ್ಣ ಕೆಳಗೆ ಕಪ್ಪಾಗಿತ್ತು, ಮಾತು ತಡವಾಗಿ ಬರುತ್ತಿತ್ತು. ಅವಳಿಗೆ ಕಾಣಲಿಲ್ಲ ಎಂದರೆ ಸುಳ್ಳು. ಕಾಣುವುದೇ ಅವಳ ಕೆಲಸ. ದೊಡ್ಡ ಸಮಾವೇಶವೊಂದು ಉಳಿದಿತ್ತು, ಮಂತ್ರಿಗಳು ಬರುವವರಿದ್ದರು. ಅದೊಂದು ಮುಗಿಯಲಿ, ಆಮೇಲೆ ಅಕ್ಕನನ್ನು ಕೂರಿಸಿಕೊಂಡು ಮೊದಲಿನಿಂದ ಶುರುಮಾಡುತ್ತೇನೆ ಎಂದುಕೊಂಡಳು. ಸಮಾವೇಶ ಚೆನ್ನಾಗಿಯೇ ಆಯಿತು.

ಅದಾದ ವಾರದಲ್ಲೇ ಒಂದು ಮಧ್ಯಾಹ್ನ, ಟೈಲರಕ್ಕನ ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿಬಂದ. ಮಿಷನ್ನು ಬೆಳಿಗ್ಗೆಯಿಂದ ಓಡುತ್ತಲೇ ಇತ್ತಂತೆ, ಒಮ್ಮೆಲೇ ನಿಂತಿತಂತೆ. ಏಕೋ ಅನುಮಾನ ಬಂದು ಇಣುಕಿದನಂತೆ. ತಮ್ಮನಿಗೆಂದು ಆಸ್ಪತ್ರೆಯಲ್ಲಿ ಕೊಟ್ಟ ನಿದ್ದೆ ಮಾತ್ರೆ ಉಳಿದಿದ್ದವು, ಅಷ್ಟನ್ನೂ ನುಂಗಿದ್ದಳು. ಡ್ಯೂಟಿ ಡಾಕ್ಟರು ಹೊಟ್ಟೆ ತೊಳೆಸಿ, ಜೀವ ಉಳಿಸಿ, ಮುಂದಿನದು ನಿಮ್ಮದು ಎಂದು ಮಾತಿನ ಡಾಕ್ಟರ ಕಡೆ ಕೈ ತೋರಿಸಿದರು. ಹೊಸ ಕಾನೂನು ಜಾರಿಗೆ ಬಂದಿತ್ತು. ಮೊಹರು ಅವಳ ಮೇಜಿನ ಖಾನೆಯಲ್ಲಿತ್ತು, ಇನ್ನೂ ಒಂದು ಸಲವೂ ಇಂಕು ಮುಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಟೈಲರಕ್ಕ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವಳನ್ನು ಕಂಡವಳೇ, “ಮನೇಗೆ ಹೋಗೋಣ ಮೇಡಂ,” ಎಂದಳು.

ತಮ್ಮ ಅಂದಿದ್ದ ಅದೇ ಮಾತು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಮನೆಗೆ ಹೋದರೆ ಮತ್ತೆ ಮಾಡಿಕೊಳ್ಳುತ್ತೀರಾ ಎಂದು ಕೇಳಿದಳು. ಟೈಲರಕ್ಕ ಇಲ್ಲ ಎನ್ನಲಿಲ್ಲ. ತಮ್ಮನ ಹಾಗೆ ಸುಳ್ಳಿಗೂ ನಗಲಿಲ್ಲ. ಸಹಿ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಿಗೆ ಮೊದಲು ಆ ಮನುಷ್ಯನ ಬಾಯಿಂದಲೇ, ಆ ಮನುಷ್ಯನ ಮಾತಿನಲ್ಲೇ, ಏನಾಯಿತು ಎಂದು ಕೇಳಿಸಿಕೊಳ್ಳಬೇಕು ಎಂಬ ನಿಯಮವಿತ್ತು. ಐದು ನಿಮಿಷದ ಪರೀಕ್ಷೆ ಇನ್ನು ನಡೆಯಬಾರದು ಎಂದು ಆ ನಿಯಮವನ್ನು ಹಟ ಹಿಡಿದು ಸೇರಿಸಿದವರು ಅವಳ ಸಂಘದವರೇ.

“ಏನಾಯ್ತು ಅಕ್ಕ? ನಿಧಾನವಾಗಿ ಹೇಳಿ. ಎಲ್ಲಿಂದ ಬೇಕಾದ್ರೂ ಹೇಳಿ.”

ಟೈಲರಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. ಎರಡು ಕೈಯನ್ನೂ ತೊಡೆಯ ಮೇಲಿಟ್ಟಳು.

“ಮಾನ್ಯರೇ, ನಾನು ಬಟ್ಟೆ ಹೊಲಿಯೋಳು. ನನ್ನ ತಮ್ಮ ಬಸ್ ಓಡಿಸ್ತಿದ್ದ.”

“ಅದಲ್ಲ ಅಕ್ಕ,” ಎಂದು ಅವಳು ತಡೆಯಲು ಕೈ ಎತ್ತಿದಳು. ಎತ್ತಿದ ಕೈ ಕಂಡು ಟೈಲರಕ್ಕ ಗಾಬರಿಯಾದಳು, ಸಮಯ ಮೀರಿತೆಂದು ಮಾತಿನ ವೇಗ ಹೆಚ್ಚಿಸಿದಳು. ಅವಳು ಬೆಂಕಿ ತಾಗಿದ ಹಾಗೆ ಕೈ ಕೆಳಗಿಳಿಸಿ, ಆ ಕೈಯಿಂದಲೇ ಟೈಲರಕ್ಕನ ಕೈ ಹಿಡಿದುಕೊಂಡಳು.

“ಟೈಮ್ ಇದೆ ಅಕ್ಕ. ಇವತ್ತು ಮೂರು ನಿಮಿಷದ ಲೆಕ್ಕ ಇಲ್ಲ. ಅವನು ಮಿಷನ್ ಕೆಳಗೆ ಮಲಗ್ತಿದ್ನಲ್ಲ, ಅದನ್ನ ಹೇಳಿ.”

ಟೈಲರಕ್ಕ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಅದು ಎಲ್ಲಿ ಬರುತ್ತೆ ಮೇಡಂ?” ಎಂದಳು. “ಡಬ್ಬಿಗೆ ಮುಂಚೇನಾ, ಆಮೇಲಾ?”

“ಎಲ್ಲಾದ್ರೂ ಬರ್ಲಿ.” ಅವಳು ಕುರ್ಚಿ ಇನ್ನೂ ಹತ್ತಿರ ಎಳೆದುಕೊಂಡಳು. “ಡಾಕ್ಟ್ರು ನಿಮ್ಮನ್ನ ಕೇಳಿದ್ರಲ್ಲ ಅಕ್ಕ, ಅವತ್ತು. ನೀವೇನಂದ್ರಿ? ಅದನ್ನ ಹೇಳಿ, ನಾನು ಕೇಳ್ತೀನಿ.”

“ಅದು ಬೇಡ ಅಂತ ನೀವೇ ತೆಗೆಸಿದ್ರಲ್ಲ.”

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಅಳತೆ ಕೊಟ್ಟು ಮರೆತ ಗಿರಾಕಿಗೆ ಅವರದೇ ಅಳತೆ ನೆನಪಿಸುವಂತೆ ಹೇಳಿದಳು. ತಪ್ಪು ನನ್ನದು ಅಕ್ಕ, ತೆಗೆಸಬಾರದಿತ್ತು, ಈಗ ಹೇಳಿ ಎಂದು ಅವಳು ಬೇಡಿಕೊಂಡಳು. ಟೈಲರಕ್ಕ ಪ್ರಯತ್ನಪಟ್ಟಳು, ಬಾಯಿ ತೆರೆದಳು, ಮುಚ್ಚಿದಳು, ಕಣ್ಣಲ್ಲಿ ನೀರು ತುಂಬಿತು. “ಬರ್ತಿಲ್ಲ ಮೇಡಂ. ಅವನ ಮುಖಾನೂ ಬರ್ತಿಲ್ಲ. ಮಾತೊಂದೇ ಬರೋದು,” ಎಂದಳು. ದಾರಿ ತಪ್ಪಿದವರು ಗೊತ್ತಿರುವ ತಿರುವಿಗೆ ಮರಳುವಂತೆ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಅವಳು ತಡೆಯಲಿಲ್ಲ. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಸಹಿ ಹಾಕಿದಳು, ಮೊಹರು ಒತ್ತಿದಳು. ಹೊಸ ಮೊಹರು, ಅಕ್ಷರ ಸ್ಪಷ್ಟವಾಗಿ ಮೂಡಿದವು. ಎದುರಿಗೆ ಟೈಲರಕ್ಕ ಹೇಳುತ್ತಿದ್ದಳು, ತಮ್ಮನಿಗೆ ಏನಾಗಿದೆ ಎಂದು ಕಂಡುಕೊಂಡವರು ಒಬ್ಬರಿದ್ದರು, ಅವರ ಕೈಯಲ್ಲಿ ಪೆನ್ನಿತ್ತು, ಸಹಿ ಹಾಕುವ ಹಕ್ಕಿರಲಿಲ್ಲ. ಅಷ್ಟು ಹೇಳಿ, ಹೇಳಿಕೊಟ್ಟ ಜಾಗದಲ್ಲಿ ನಿಂತು, ಒಂದು ಉಸಿರು ತೆಗೆದುಕೊಂಡಳು.